ಡಬ್ಬಿ ಹಾಲಿನ ಮೇಲೆ ಏನು ಬರೆಯಬೇಕು ಎಂದು ತೀರ್ಮಾನಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಮಕ್ಕಳ ಹೊಟ್ಟೆ, ಕರುಳು, ಲಿವರ್ ಕಾಯಿಲೆಗಳ ವಿಭಾಗದಲ್ಲಿ ಕೆಲಸ ಮಾಡುವ ಡಯಟೀಷಿಯನ್. ಯಾವ ಮಗುವಿಗೆ ಯಾವ ಹಾಲು, ಎಷ್ಟು, ಹೇಗೆ ಕಲಸಬೇಕು ಅಂತ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಶಿಶು ಆಹಾರಕ್ಕೆ ನಿಯಮ ಬರೆಯುವ ನಿಮಗೆ ಈ ಪತ್ರ. ದೇಶ ಯಾವುದಾದರೂ ಆಗಲಿ, ಆ ಕುರ್ಚಿಯಲ್ಲಿ ಕೂತವರೆಲ್ಲರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಡಬ್ಬಿಗಳು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಥರ ಇವೆ.

ಎರಡು ಮೂರು ತಿಂಗಳ ಮಗು ಜಾಸ್ತಿ ಅತ್ತರೆ, ಹಾಲು ಕಕ್ಕಿದರೆ, ತಿಣುಕಿದರೆ, ಮಲದ ಬಣ್ಣ ಬದಲಾದರೆ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಈ ಹಾಲು ಒಗ್ಗುತ್ತಿಲ್ಲ, ಡಬ್ಬಿ ಬದಲಿಸಿ ನೋಡಿ. ಮನೆಯವರು ಹೇಳುತ್ತಾರೆ, ಮೆಡಿಕಲ್ ಸ್ಟೋರಿನವರು ಹೇಳುತ್ತಾರೆ. ಗಡಿಬಿಡಿಯಲ್ಲಿರುವ ಡಾಕ್ಟರೂ ಒಮ್ಮೊಮ್ಮೆ ಹೇಳುತ್ತಾರೆ. ಮಗುವಿನ ಹೊಟ್ಟೆಯ ಎಲ್ಲ ಪ್ರಶ್ನೆಗೂ ಡಬ್ಬಿಯೇ ಉತ್ತರ ಅನ್ನುವ ಈ ನಂಬಿಕೆ ತಾಯಂದಿರು ಹುಟ್ಟಿಸಿದ್ದಲ್ಲ. ಡಬ್ಬಿಗಳೇ ಹುಟ್ಟಿಸಿದ್ದು. ಅದಕ್ಕೆ ಜಾಗ ಬಿಟ್ಟುಕೊಟ್ಟಿದ್ದು ನಿಮ್ಮ ನಿಯಮಗಳು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಡಬ್ಬಿ ಹಾಲು ಕೊಡುವ ತಾಯಂದಿರ ಮೇಲಿನ ದೂರಲ್ಲ. ಮೊದಲ 6 ತಿಂಗಳು ಎದೆಹಾಲು ಮಾತ್ರ ಸಾಕು, ಆಮೇಲೆ ಬೇರೆ ಆಹಾರದ ಜೊತೆ 2 ವರ್ಷ ಅಥವಾ ಅದಕ್ಕೂ ಮುಂದೆ ಕೊಡಿ ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಮಾತು ನನಗೂ ಒಪ್ಪಿಗೆಯೇ. ಆದರೆ ಕೊಡಲಾಗದವರು ಇರುತ್ತಾರೆ, ಕೊಡಬಾರದ ಕಾಯಿಲೆಗಳೂ ಇವೆ. ಗ್ಯಾಲಕ್ಟೊಸೀಮಿಯಾ, ಅಂದರೆ ಹಾಲಿನ ಸಕ್ಕರೆಯನ್ನು ದೇಹ ಬಳಸಿಕೊಳ್ಳಲಾಗದ ಹುಟ್ಟು ಕಾಯಿಲೆ ಇರುವ ಮಗುವಿಗೆ ಎದೆಹಾಲೇ ವಿಷ. ಅಂಥ ಮಗುವಿನ ಜೀವ ನಿಂತಿರುವುದು ಡಬ್ಬಿಯ ಮೇಲೆ. ಹಾಗಾಗಿಯೇ ಡಬ್ಬಿಯ ಬಗ್ಗೆ ನನಗೆ ಇಷ್ಟು ಚಿಂತೆ.

ನಮ್ಮಲ್ಲಿಗೆ ಬರುವ ಎಷ್ಟೋ ತಾಯಂದಿರು ಬ್ಯಾಗಿನಿಂದ ಡಬ್ಬಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಮೊದಲು ಮಾಮೂಲಿ ಪುಡಿ. ಆಮೇಲೆ ‘ಕಂಫರ್ಟ್’. ಅದರ ಪಕ್ಕ ಲ್ಯಾಕ್ಟೋಸ್ ಇಲ್ಲದ್ದು. ಆಮೇಲೆ ಅಲರ್ಜಿ ಕಡಿಮೆ ಅಂತ ಮಾರುವ ‘ಎಚ್‌ಎ’. ಕೊನೆಗೆ ಸೋಯಾ ಅಥವಾ ಮೇಕೆ ಹಾಲಿನದು. ಮುಚ್ಚಳ ತೆಗೆದು ನೋಡಿದರೆ ಎಲ್ಲದರಲ್ಲೂ ಮುಕ್ಕಾಲು ಪಾಲು ಪುಡಿ ಹಾಗೇ ಇರುತ್ತದೆ. ನಾಲ್ಕು ದಿನ ಒಂದು, ಐದು ದಿನ ಇನ್ನೊಂದು. ಮಗುವಿನ ಕರುಳಿಗೆ ಒಂದಕ್ಕೂ ಹೊಂದಿಕೊಳ್ಳುವಷ್ಟು ಸಮಯ ಸಿಕ್ಕಿರುವುದಿಲ್ಲ. ಯಾವುದು ಆಗಿಬಂತು, ಯಾವುದು ಬರಲಿಲ್ಲ ಅಂತ ಹೇಳಲು ಯಾರಿಗೂ ಆಗುವುದಿಲ್ಲ.

ಆ ಸಾಲಿನಲ್ಲಿ ನನಗೆ ಅತಿ ಹೆಚ್ಚು ತಲೆನೋವು ಕೊಡುವುದು ಲ್ಯಾಕ್ಟೋಸ್ ಇಲ್ಲದ ಡಬ್ಬಿ. ಲ್ಯಾಕ್ಟೋಸ್ ಅಂದರೆ ಹಾಲಿನಲ್ಲಿರುವ ಸಕ್ಕರೆ. ಅಲರ್ಜಿ ಆಗುವುದು ಹಾಲಿನ ಪ್ರೋಟೀನಿಗೆ. ಎರಡಕ್ಕೂ ಸಂಬಂಧವಿಲ್ಲ. ಲ್ಯಾಕ್ಟೋಸ್ ತೆಗೆದ ಪುಡಿಯಲ್ಲಿ ಹಸುವಿನ ಹಾಲಿನ ಪ್ರೋಟೀನ್ ಪೂರ್ತಿಯಾಗಿ ಇರುತ್ತದೆ. ಅಲರ್ಜಿ ಇರುವ ಮಗುವಿಗೆ ಅದನ್ನು ಕೊಟ್ಟರೆ ಮೊದಲಿನ ಕಥೆಯೇ ಮುಂದುವರಿಯುತ್ತದೆ. ಆದರೆ ಡಬ್ಬಿಯ ಮುಂಭಾಗದಲ್ಲಿ ‘ಸೆನ್ಸಿಟಿವ್’ ಅಂತ ಇದ್ದರೆ ಯಾರಿಗೆ ತಾನೇ ಇದು ಗೊತ್ತಾಗಬೇಕು?

ಎದೆಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಇದೆ. ಹಸುವಿನ ಹಾಲಿನಲ್ಲಿ ಇರುವುದಕ್ಕಿಂತ ಜಾಸ್ತಿ. ಮನುಷ್ಯರ ಮಗು ಅದನ್ನು ಅರಗಿಸಿಕೊಳ್ಳಲಿಕ್ಕೇ ತಯಾರಾಗಿ ಹುಟ್ಟುತ್ತದೆ. ಅದನ್ನು ಅರಗಿಸುವ ಲ್ಯಾಕ್ಟೇಸ್ ಅನ್ನುವ ಕಿಣ್ವ ಹುಟ್ಟಿನಿಂದಲೇ ಇಲ್ಲದ ಮಕ್ಕಳು ಜಗತ್ತಿನಲ್ಲೇ ತೀರಾ ಅಪರೂಪ. ದೊಡ್ಡವರಲ್ಲಿ ಕಾಣುವ ಹಾಲು ಒಗ್ಗದ ತೊಂದರೆ ಶುರುವಾಗುವುದೇ ಎರಡು ಮೂರು ವರ್ಷ ದಾಟಿದ ಮೇಲೆ. ಶಿಶುಗಳಲ್ಲಿ ನಾವು ನಿಜವಾಗಿ ನೋಡುವುದು ಮೂರನೆಯ ಬಗೆ. ಜೋರಾಗಿ ವಾಂತಿ ಭೇದಿ ಆದಾಗ ಕರುಳಿನ ಒಳಪದರದ ತುದಿಗಳು ಸವೆಯುತ್ತವೆ. ಲ್ಯಾಕ್ಟೇಸ್ ಇರುವುದು ಆ ತುದಿಯಲ್ಲೇ. ಆಗ ಕೆಲವು ಮಕ್ಕಳಿಗೆ ಮಲ ನೀರಾಗಿ, ಹುಳಿ ವಾಸನೆಯಿಂದ, ರಭಸವಾಗಿ ಹೋಗುತ್ತದೆ. ಕುಂಡಿ ಸುತ್ತ ಕೆಂಪಗೆ ಸುಟ್ಟಂತೆ ಆಗುತ್ತದೆ. ಕೆಲವೇ ವಾರಗಳಲ್ಲಿ ಒಳಪದರ ಮತ್ತೆ ಬೆಳೆದು ಇದು ತಾನಾಗಿ ಸರಿಹೋಗುತ್ತದೆ. ಲ್ಯಾಕ್ಟೋಸ್ ಇಲ್ಲದ ಹಾಲು ಬೇಕಾದರೂ ಅಷ್ಟು ದಿನಕ್ಕೆ ಮಾತ್ರ. ಆದರೆ ಒಮ್ಮೆ ಮನೆಗೆ ಬಂದ ಡಬ್ಬಿ ಮಗುವಿನ ಮೊದಲ ಹುಟ್ಟುಹಬ್ಬದವರೆಗೂ ಇರುತ್ತದೆ. ಯಾಕೆಂದರೆ ಎಷ್ಟು ದಿನ ಅಂತ ಡಬ್ಬಿ ಹೇಳುವುದಿಲ್ಲ.

ಇನ್ನು ಅಲರ್ಜಿ. ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ನಿಜವಾದ ಕಾಯಿಲೆ, ಕೆಲವರಲ್ಲಿ ಭಯಂಕರವಾದದ್ದು. ಹಾಲು ಕುಡಿದ ಸ್ವಲ್ಪ ಹೊತ್ತಿಗೇ ಮೈಮೇಲೆ ದದ್ದು, ತುಟಿ ಊತ, ವಾಂತಿ ಬರುವ ಮಕ್ಕಳಿದ್ದಾರೆ. ಕೆಲವು ಗಂಟೆ ಕಳೆದು ಸತತ ವಾಂತಿಯಾಗಿ ಬಿಳಿಚಿಕೊಂಡು ಸೋತು ಬೀಳುವ ಮಕ್ಕಳೂ ಇದ್ದಾರೆ. ಚೆನ್ನಾಗಿ ಆಡಿಕೊಂಡಿದ್ದು ಮಲದಲ್ಲಿ ಮಾತ್ರ ರಕ್ತದ ಎಳೆ ಕಾಣಿಸುವವರೂ ಉಂಟು. ಒಟ್ಟು ಸೇರಿಸಿದರೂ ನೂರಕ್ಕೆ ಎರಡು ಮೂರು ಮಕ್ಕಳಿಗಿಂತ ಹೆಚ್ಚಿಲ್ಲ, ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿದ ಕಡೆ ಅದಕ್ಕಿಂತಲೂ ಕಡಿಮೆ. ಹಾಗಿರುವಾಗ ಇಂಗ್ಲೆಂಡಿನ ಲೆಕ್ಕ ನೋಡಿ. 2006ರಲ್ಲಿ ಅಲ್ಲಿ ಅಲರ್ಜಿ ಮಕ್ಕಳಿಗೆ ಅಂತ ಬರೆದುಕೊಟ್ಟ ವಿಶೇಷ ಹಾಲಿನ ಚೀಟಿಗಳು ಸುಮಾರು 1 ಲಕ್ಷ. 2016ಕ್ಕೆ ಅದು 6 ಲಕ್ಷ ದಾಟಿತ್ತು. ಹತ್ತು ವರ್ಷದಲ್ಲಿ ಅಲರ್ಜಿ ಆರು ಪಟ್ಟಾಯಿತು ಅನ್ನಲು ಯಾವ ಆಧಾರವೂ ಇರಲಿಲ್ಲ. ಆರು ಪಟ್ಟಾಗಿದ್ದು ಚೀಟಿ ಮಾತ್ರ.

ಅಲರ್ಜಿ ಇದೆಯೋ ಇಲ್ಲವೋ ತಿಳಿಯಲು ದಾರಿ ಇದೆ, ಅದು ದುಬಾರಿಯೂ ಅಲ್ಲ. ಹಸುವಿನ ಹಾಲಿನ ಪ್ರೋಟೀನನ್ನು 2ರಿಂದ 4 ವಾರ ಪೂರ್ತಿ ನಿಲ್ಲಿಸಬೇಕು. ಎದೆಹಾಲು ಕುಡಿಯುವ ಮಗುವಾದರೆ ತಾಯಿ ತನ್ನ ಊಟದಿಂದ ಹಾಲಿನ ಪದಾರ್ಥ ಬಿಡಬೇಕು, ಎದೆಹಾಲು ಬಿಡಿಸಬಾರದು. ತೊಂದರೆ ಕಡಿಮೆ ಆಯಿತಾ? ಇಷ್ಟಕ್ಕೇ ಮುಗಿಯಲಿಲ್ಲ. ಮತ್ತೆ ಹಳೇ ಹಾಲು ಕೊಟ್ಟು ನೋಡಬೇಕು. ಮೊದಲು ತೀವ್ರ ಪ್ರತಿಕ್ರಿಯೆ ಆಗಿದ್ದ ಮಗುವಾದರೆ ಅದನ್ನು ಆಸ್ಪತ್ರೆಯಲ್ಲೇ ಮಾಡಬೇಕು. ತೊಂದರೆ ಮರಳಿ ಬಂದರೆ ಅಲರ್ಜಿ ಖಚಿತ. ಬರದಿದ್ದರೆ ಮಾಮೂಲಿ ಹಾಲಿಗೇ ವಾಪಸ್. ಈ ಎರಡನೆಯ ಅರ್ಧವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಅಷ್ಟು ದಿನಕ್ಕೆ ಶಾಂತವಾದ ಮನೆಯಲ್ಲಿ ಮತ್ತೆ ಯಾರು ಕೈ ಹಾಕುತ್ತಾರೆ ಅನ್ನುವ ಭಯ. ಅದು ನನಗೆ ಅರ್ಥವಾಗುತ್ತದೆ. ಆದರೆ ಮಗುವಿನ ತಲೆಗೆ ಅಲರ್ಜಿ ಅನ್ನುವ ಹಣೆಪಟ್ಟಿ ಸುಮ್ನೆ ಅಂಟಿಕೊಂಡುಬಿಡುತ್ತದೆ.

ನಿಜವಾಗಿ ಅಲರ್ಜಿ ಇರುವ ಮಗುವಿಗೂ ಸರಿಯಾದ ಡಬ್ಬಿ ಸಿಗುವುದಿಲ್ಲ ಅನ್ನುವುದು ಇನ್ನೂ ಬೇಸರದ ವಿಷಯ. ‘ಎಚ್‌ಎ’ ಅಂತ ಮಾರುವ ಪುಡಿಯಲ್ಲಿ ಪ್ರೋಟೀನನ್ನು ಅರ್ಧಂಬರ್ಧ ಕತ್ತರಿಸಿರುತ್ತಾರೆ. ಅಲರ್ಜಿ ಇರುವ ಮಗುವಿಗೆ ಅದು ಚಿಕಿತ್ಸೆ ಅಲ್ಲ. ಬೇಕಾದದ್ದು ಪ್ರೋಟೀನನ್ನು ತೀರಾ ಸಣ್ಣ ಚೂರು ಮಾಡಿದ ಪುಡಿ. ಮಣಿಸರವನ್ನು ಅಲ್ಲಲ್ಲಿ ತುಂಡರಿಸುವುದಕ್ಕೂ ಕೆಲವೇ ಮಣಿಗಳ ಪುಟ್ಟ ಚೂರುಗಳಾಗಿ ಕತ್ತರಿಸುವುದಕ್ಕೂ ಇರುವ ವ್ಯತ್ಯಾಸ ಇದು. ತುಂಡು ಉದ್ದವಾಗಿದ್ದರೆ ದೇಹ ಅದನ್ನು ಗುರುತಿಸಿಬಿಡುತ್ತದೆ. ಚೂರು ಮಾಡಿದ್ದೂ ಒಗ್ಗದ ಕೆಲವೇ ಮಕ್ಕಳಿಗೆ ಕೊನೆಯದಾಗಿ ಮಣಿಗಳೆಲ್ಲ ಬಿಡಿಬಿಡಿಯಾಗಿರುವ ಅಮೈನೋ ಆಸಿಡ್ ಪುಡಿ ಇದೆ. ಮೇಕೆ ಹಾಲು? ಅದರ ಪ್ರೋಟೀನ್ ಹಸುವಿನದ್ದನ್ನೇ ಎಷ್ಟು ಹೋಲುತ್ತದೆ ಅಂದರೆ ಅಲರ್ಜಿ ಇರುವ ಬಹುಪಾಲು ಮಕ್ಕಳಿಗೆ ಅದೂ ಆಗುವುದಿಲ್ಲ. ಆದರೂ ‘ಹೊಟ್ಟೆಗೆ ಹಗುರ’ ಅಂತ ಅದು ಅಲರ್ಜಿ ಪುಡಿಯ ಪಕ್ಕದಲ್ಲೇ ಕೂತಿರುತ್ತದೆ. ಆ ಎರಡು ಡಬ್ಬಿಗಳನ್ನು ಒಂದೇ ಶೆಲ್ಫಿನಲ್ಲಿ ಇಡಲು ಬಿಟ್ಟಿದ್ದು ಯಾರು ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಚೂರು ಮಾಡಿದ ಪ್ರೋಟೀನಿನ ಪುಡಿ ಕುಡಿಯುವ ಮಗುವಿನ ಮಲ ಕಡು ಹಸಿರಾಗುವುದು ಮಾಮೂಲು. ಪುಡಿಗೆ ಕಹಿ ರುಚಿ, ಕೆಟ್ಟ ವಾಸನೆ. ಇದನ್ನು ಮುಂಚೆಯೇ ಹೇಳದಿದ್ದರೆ ತಾಯಿ ಮೂರನೇ ದಿನಕ್ಕೆ ಗಾಬರಿಯಾಗಿ ಅದನ್ನೂ ಬದಲಿಸುತ್ತಾಳೆ. ಕೊನೆಗೂ ಸರಿಯಾದ ಡಬ್ಬಿ ಕೈಗೆ ಬಂದು ಮತ್ತೆ ಕೈತಪ್ಪುವುದು ಹೀಗೆ.

ಈಗ ‘ಕಂಫರ್ಟ್’, ‘ಕೋಲಿಕ್’ ಅನ್ನುವ ಡಬ್ಬಿಗಳ ಬಗ್ಗೆ ಹೇಳುತ್ತೇನೆ. ಆರೋಗ್ಯವಾಗಿರುವ ಮಗು ಸಂಜೆ ಹೊತ್ತು ಗಂಟೆಗಟ್ಟಲೆ ಅಳುವುದು (ಇದಕ್ಕೇ ಕೋಲಿಕ್ ಅನ್ನುವುದು) ಹುಟ್ಟಿದ ಕೆಲವು ವಾರಕ್ಕೆ ಶುರುವಾಗಿ ಸುಮಾರು 6 ವಾರಕ್ಕೆ ಶಿಖರ ಮುಟ್ಟುತ್ತದೆ. ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಎದೆಹಾಲು ಕುಡಿಯುವ ಮಗುವೂ ಅಳುತ್ತದೆ, ಡಬ್ಬಿ ಹಾಲಿನ ಮಗುವೂ ಅಳುತ್ತದೆ. ಹಾಲು ಕಕ್ಕುವುದೂ ಹೀಗೇ. ನಾಲ್ಕು ತಿಂಗಳ ಆಸುಪಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ದಿನಕ್ಕೊಮ್ಮೆಯಾದರೂ ಕಕ್ಕುತ್ತವೆ. ವರ್ಷ ತುಂಬುವ ಹೊತ್ತಿಗೆ ಬಹುತೇಕ ಎಲ್ಲರಿಗೂ ನಿಂತಿರುತ್ತದೆ. ಮುಖ ಕೆಂಪಗೆ ಮಾಡಿ ಹತ್ತು ನಿಮಿಷ ತಿಣುಕಿ, ಆಮೇಲೆ ಮೆತ್ತಗಿನ ಮಲವನ್ನೇ ಮಾಡುವ ಮಗುವಿಗೆ ಮಲಬದ್ಧತೆ ಇಲ್ಲ. ಒಳಗಿನಿಂದ ತಳ್ಳುವುದನ್ನೂ ಕೆಳಗೆ ಸಡಿಲ ಬಿಡುವುದನ್ನೂ ಒಟ್ಟಿಗೆ ಮಾಡಲು ಅದಿನ್ನೂ ಕಲಿಯುತ್ತಿದೆ, ಅಷ್ಟೇ.

ಈ ಲೆಕ್ಕದಲ್ಲಿ ಮೂರನೇ ತಿಂಗಳಲ್ಲಿ ಯಾವ ಡಬ್ಬಿಗೆ ಬದಲಿಸಿದರೂ ಅದು ಗೆಲ್ಲುತ್ತದೆ. ಅಳು ಹೇಗೂ ಇಳಿಯುತ್ತಿತ್ತು. ಹೆಸರು ಮಾತ್ರ ಡಬ್ಬಿಗೆ. ಆ ತಾಯಿ ಇನ್ನೊಬ್ಬ ತಾಯಿಗೆ ಮನಸ್ಪೂರ್ವಕವಾಗಿ ಹೇಳುತ್ತಾಳೆ, ನಮ್ಮ ಮಗುವಿಗೆ ಇದೇ ಆಗಿಬಂತು ಅಂತ. ಅವಳು ಸುಳ್ಳು ಹೇಳುತ್ತಿಲ್ಲ. ಅವಳ ಅನುಭವಕ್ಕಿಂತ ದೊಡ್ಡ ಜಾಹೀರಾತು ಯಾವ ಕಂಪನಿಗೂ ಬೇಕಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 8 ದೇಶಗಳಲ್ಲಿ 8,500 ತಂದೆತಾಯಿ ಮತ್ತು ಗರ್ಭಿಣಿಯರನ್ನು ಮಾತಾಡಿಸಿ ವರದಿ ಕೊಟ್ಟಿವೆ. ಅರ್ಧಕ್ಕಿಂತ ಹೆಚ್ಚು ಜನರನ್ನು ಕಂಪನಿಗಳ ಮಾರ್ಕೆಟಿಂಗ್ ತಲುಪಿತ್ತು. ಮಗುವಿನ ಸಹಜ ಅಳು, ಸಹಜ ನಿದ್ದೆಗಳನ್ನೇ ತೊಂದರೆಯಂತೆ ತೋರಿಸಿ ಮಾರುವುದು ಅವರ ಹಳೆಯ ದಾರಿ.

ಹಾಗಂತ ಪುಡಿಯೊಳಗಿನ ವ್ಯತ್ಯಾಸಗಳೆಲ್ಲ ಬರೀ ಮಾತು ಅಂತಲ್ಲ. ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಕೊಬ್ಬಿನ ಒಂದೊಂದು ಕಣದಲ್ಲೂ ಮೂರು ಕೊಂಡಿಗಳಿರುತ್ತವೆ; ಎದೆಹಾಲಿನ ಕೊಬ್ಬಿನಲ್ಲಿ ಪಾಮಿಟಿಕ್ ಆಸಿಡ್ ಅನ್ನುವ ಕೊಬ್ಬಿನಾಮ್ಲ ಬಹುಪಾಲು ನಡುವಿನ ಕೊಂಡಿಯಲ್ಲಿ ಕೂತಿರುತ್ತದೆ. ಎಷ್ಟೋ ಪುಡಿಗಳಿಗೆ ಬಳಸುವ ತಾಳೆ ಎಣ್ಣೆಯಲ್ಲಿ ಅದು ಹೆಚ್ಚಾಗಿ ಹೊರಗಿನ ಕೊಂಡಿಗಳಲ್ಲಿ ಇರುತ್ತದೆ. ಹೊಟ್ಟೆಯ ಕಿಣ್ವ ಕತ್ತರಿಸುವುದು ಹೊರಗಿನ ಕೊಂಡಿಗಳನ್ನು. ಬಿಡಿಯಾದ ಪಾಮಿಟಿಕ್ ಆಸಿಡ್ ಕರುಳಿನಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಸೋಪಾಗುತ್ತದೆ. ಹೋಲಿಕೆಗೆ ಹೇಳುತ್ತಿಲ್ಲ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಸೋಪೇ. ಮಲ ಗಟ್ಟಿಯಾಗುತ್ತದೆ, ಸ್ವಲ್ಪ ಕ್ಯಾಲ್ಸಿಯಂ, ಸ್ವಲ್ಪ ಕೊಬ್ಬು ಹೊರಗೆ ಹೋಗುತ್ತದೆ. ಮಗುವಿನ ಮಲ ಯಾಕೆ ಗಟ್ಟಿ ಅಂತ ಹುಡುಕುವ ತಾಯಿಗೆ ಉಪಯೋಗಕ್ಕೆ ಬರುವ ಮಾಹಿತಿ ಇದು. ಇದು ಇರುವುದು ಡಬ್ಬಿಯ ಹಿಂದೆ, ಪದಾರ್ಥಗಳ ಪಟ್ಟಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಡಬ್ಬಿಯೊಳಗಿನ ಸ್ಕೂಪಿನ ಬಗ್ಗೆ ನೀವು ಯಾವತ್ತಾದರೂ ಯೋಚನೆ ಮಾಡಿದ್ದೀರಾ? ನಾನು ಮೊದಲ ಭೇಟಿಯಲ್ಲಿ ಏನನ್ನೂ ಕೇಳುವ ಮುಂಚೆ, ಮನೆಯಲ್ಲಿ ಮಾಡುವಂತೆಯೇ ಒಂದು ಬಾಟಲಿ ಹಾಲು ಕಲಸಿ ತೋರಿಸಿ ಅನ್ನುತ್ತೇನೆ. ಒಬ್ಬರು ಸ್ಕೂಪನ್ನು ಗೋಪುರದಂತೆ ತುಂಬುತ್ತಾರೆ. ಒಬ್ಬರು ಡಬ್ಬಿಯ ಅಂಚಿಗೆ ಒತ್ತಿ ಒತ್ತಿ ಗಟ್ಟಿ ಮಾಡುತ್ತಾರೆ. ಇನ್ನೊಬ್ಬರು ಮೊದಲು ಪುಡಿ ಹಾಕಿ ಆಮೇಲೆ ಗೆರೆಯವರೆಗೆ ನೀರು ತುಂಬುತ್ತಾರೆ, ಹಾಗೆ ಮಾಡಿದರೆ ನೀರು ಕಡಿಮೆ ಬೀಳುತ್ತದೆ. ಮೊದಲು ನೀರು, ಆಮೇಲೆ ಮಟ್ಟ ಮಾಡಿದ ಪುಡಿ, ಇದೇ ಸರಿಯಾದ ಕ್ರಮ. ರಾತ್ರಿ ನಿದ್ದೆ ಬರಲಿ ಅಂತ ಒಂದು ಸ್ಕೂಪ್ ಜಾಸ್ತಿ ಹಾಕುವವರಿದ್ದಾರೆ. ಭೇದಿ ಆಗುತ್ತಿದೆ ಅಂತ ತೆಳ್ಳಗೆ ಮಾಡುವವರೂ ಇದ್ದಾರೆ.

ಅದಕ್ಕಿಂತ ದೊಡ್ಡ ಅಪಾಯ ಬೇರೆ. ಕೆಲವು ಪುಡಿಗಳಲ್ಲಿ ಒಂದು ಸ್ಕೂಪಿಗೆ 30 ಮಿ.ಲೀ. ನೀರು. ಕೆಲವದರಲ್ಲಿ 60 ಮಿ.ಲೀ. ಡಬ್ಬಿ ಬದಲಿಸುತ್ತಲೇ ಇರುವ ಮನೆಯಲ್ಲಿ ಸ್ಕೂಪುಗಳು ಅದಲು ಬದಲಾಗುತ್ತವೆ. ಕಳೆದುಹೋದರೆ ಹಳೇ ಡಬ್ಬಿಯದ್ದೇ ಕೈಗೆ ಬರುತ್ತದೆ. ದೊಡ್ಡ ಸ್ಕೂಪಿಗೆ 30 ಮಿ.ಲೀ. ಲೆಕ್ಕ ಹಿಡಿದರೆ ಹಾಲು ಇಮ್ಮಡಿ ಗಟ್ಟಿ. ಮಾಮೂಲಿ ಫಾರ್ಮುಲಾದಲ್ಲಿ, ಅಂದರೆ ಕಲಸಿದ ಡಬ್ಬಿ ಹಾಲಿನಲ್ಲಿ, 100 ಮಿ.ಲೀ.ಗೆ 60ರಿಂದ 70 ಕಿಲೋಕ್ಯಾಲರಿ ಇರಬೇಕು ಅಂತ ಆಹಾರದ ಅಂತರರಾಷ್ಟ್ರೀಯ ಮಾನದಂಡವಾದ ಕೋಡೆಕ್ಸ್ ನಿಯಮ ಹೇಳುತ್ತದೆ. ಆ ಅಂಕಿ ಡಬ್ಬಿಯ ಮೇಲಿನ ಅಂಕಿ ಮಾತ್ರ. ಬಾಟಲಿಯಲ್ಲಿ ಅದು ಎಷ್ಟಾಗಿದೆ ಅಂತ ಯಾರು ನೋಡುತ್ತಾರೆ? ಗಟ್ಟಿ ಹಾಲು ಕುಡಿದ ಮಗುವಿಗೆ ಬಾಯಾರಿಕೆ. ಅದು ಅಳುತ್ತದೆ, ಹಸಿವು ಅಂದುಕೊಂಡು ಮತ್ತೆ ಅದೇ ಹಾಲು ಕೊಡುತ್ತಾರೆ. ಮಲ ಕಲ್ಲಾಗುತ್ತದೆ, ರಕ್ತದಲ್ಲಿ ಸೋಡಿಯಂ ಏರುತ್ತದೆ, ಮೂತ್ರಪಿಂಡಕ್ಕೆ ಹೊರೆ. ತೆಳ್ಳಗಾದರೆ ಉಲ್ಟಾ: ತೂಕ ಏರುವುದಿಲ್ಲ, ಸೋಡಿಯಂ ಇಳಿದು ಮಗುವಿಗೆ ಫಿಟ್ಸ್ ಬಂದದ್ದೂ ಇದೆ. ಹಾಲು ಒಗ್ಗುತ್ತಿಲ್ಲ ಅಂತ ಬಂದ ಎಷ್ಟೋ ಮಕ್ಕಳಿಗೆ ನಾವು ಕೊಟ್ಟ ಚಿಕಿತ್ಸೆ ಒಂದೇ, ಸರಿಯಾಗಿ ಕಲಸುವುದನ್ನು ತೋರಿಸಿಕೊಟ್ಟಿದ್ದು.

ಹಾಗಾಗಿ ಕೇಳುತ್ತೇನೆ. ಸ್ಕೂಪಿನ ಅಳತೆ ಒಂದೇ ಮಾಡಿ. ಮಾರಾಟವಾಗುವ ಪ್ರತಿ ಶಿಶು ಪುಡಿಗೂ ಒಂದು ಸ್ಕೂಪಿಗೆ ಇಷ್ಟೇ ನೀರು ಅಂತ ಒಂದೇ ಲೆಕ್ಕ ಇರಲಿ. ಪುಡಿಯ ಸಾಂದ್ರತೆ ಬೇರೆ ಬೇರೆ ಇರುತ್ತದೆ, ಸ್ಕೂಪಿನ ಗಾತ್ರವನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳುವುದು ಕಂಪನಿಗಳ ತಲೆನೋವಾಗಲಿ. ಸ್ಕೂಪಿನ ಹಿಡಿಯ ಮೇಲೇ ನೀರಿನ ಅಳತೆ ಅಚ್ಚಾಗಿರಲಿ. ಅದು ಡಬ್ಬಿಯಿಂದ ಡಬ್ಬಿಗೆ ಹೋದರೂ ತನ್ನ ಲೆಕ್ಕ ತಾನೇ ಹೇಳಬೇಕು.

ಪುಡಿ ಹಾಲು ಕ್ರಿಮಿಶುದ್ಧ ಅಲ್ಲ ಅನ್ನುವುದನ್ನೂ ಡಬ್ಬಿ ಮುಂಭಾಗದಲ್ಲೇ ಹೇಳಬೇಕು. ಕ್ರೊನೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಒಣ ಪುಡಿಯಲ್ಲೂ ಬದುಕುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ, 2 ತಿಂಗಳೊಳಗಿನ ಮಕ್ಕಳಿಗೆ ಅದು ಮೆದುಳಿನ ಸೋಂಕು ತರಬಲ್ಲದು. ಕುದಿಸಿದ ನೀರನ್ನು 70 ಡಿಗ್ರಿಗಿಂತ ಕೆಳಗೆ ಇಳಿಯುವ ಮುಂಚೆ ಪುಡಿಗೆ ಬಳಸಬೇಕು, ಆಮೇಲೆ ಹಾಲನ್ನು ಆರಿಸಿ ಕೊಡಬೇಕು, ಕಲಸಿದ್ದನ್ನು 2 ಗಂಟೆಯೊಳಗೆ ಮುಗಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಎಷ್ಟೋ ಡಬ್ಬಿಗಳು ಇವತ್ತಿಗೂ ‘ಉಗುರುಬೆಚ್ಚಗಿನ ನೀರು’ ಅನ್ನುತ್ತವೆ.

ನಾನು ಈ ಪತ್ರ ಬರೆಯಲು ಮುಖ್ಯ ಕಾರಣಕ್ಕೆ ಈಗ ಬರುತ್ತೇನೆ. ಡಬ್ಬಿ ಬದಲಿಸುವುದರಿಂದ ಆಗುವ ದೊಡ್ಡ ನಷ್ಟ ಹಣದ್ದಲ್ಲ, ದಿನಗಳದ್ದು. ಕೆಲವು ಕಾಯಿಲೆಗಳಿಗೆ ಗಡುವು ಇರುತ್ತದೆ. ಪಿತ್ತನಾಳ ಮುಚ್ಚಿಹೋಗುವ ಬಿಲಿಯರಿ ಅಟ್ರೀಸಿಯಾದಲ್ಲಿ ಮಗು ನೋಡಲು ಚೆನ್ನಾಗಿಯೇ ಇರುತ್ತದೆ. ಕಣ್ಣು ಸ್ವಲ್ಪ ಹಳದಿ, ಮೂತ್ರ ಬಣ್ಣದ್ದು, ಮಲ ಮಾತ್ರ ಸುಣ್ಣದ ಹಾಗೆ, ಜೇಡಿಮಣ್ಣಿನ ಹಾಗೆ ಬಿಳಿಚು. ಜಪಾನಿನ ಸರ್ಜನ್ ಮೊರಿಯೊ ಕಸಾಯ್ 1950ರ ದಶಕದಲ್ಲಿ ಇದಕ್ಕೆ ಶಸ್ತ್ರಚಿಕಿತ್ಸೆ ಕಂಡುಹಿಡಿದರು. ಮಗುವಿಗೆ 60 ದಿನ ತುಂಬುವ ಮುಂಚೆ ಅದು ಆದರೆ ಪಿತ್ತ ಹರಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ತಡವಾದಷ್ಟೂ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ, ಕೊನೆಗೆ ಲಿವರ್ ಕಸಿ ಒಂದೇ ದಾರಿ. ಈಗ ಯೋಚಿಸಿ. ಮಲ ಬಿಳಿ ಕಂಡಾಗ ಮನೆಯಲ್ಲಿ ಏನನ್ನುತ್ತಾರೆ? ಡಬ್ಬಿ ಹಾಲಲ್ವಾ, ಅದಕ್ಕೇ ಹಾಗೆ. ಬೇರೆ ಡಬ್ಬಿ ತನ್ನಿ. ಒಂದು ಡಬ್ಬಿಗೆ ಒಂದು ವಾರ ಅಂತ ಹಿಡಿದರೂ ನಾಲ್ಕು ಡಬ್ಬಿಯಲ್ಲಿ ಗಡುವಿನ ಅರ್ಧ ಹೋಯಿತು.

ತೈವಾನ್ 2004ರಿಂದ ದೇಶದ ಎಲ್ಲ ಶಿಶುಗಳಿಗೂ ಮಲದ ಬಣ್ಣದ ಕಾರ್ಡ್ ಕೊಡುತ್ತಿದೆ. ಯಾವ ಬಣ್ಣ ಸರಿ, ಯಾವುದು ಸರಿಯಲ್ಲ ಅಂತ ಚಿತ್ರ ಇರುತ್ತದೆ, ತಾಯಿ ಹೋಲಿಸಿ ನೋಡುತ್ತಾಳೆ. ಅಲ್ಲಿ 60 ದಿನದೊಳಗೆ ಶಸ್ತ್ರಚಿಕಿತ್ಸೆ ಸಿಗುವ ಮಕ್ಕಳ ಪಾಲು ಏರಿತು. ಅದೇ ಬಣ್ಣದ ಪಟ್ಟಿಯನ್ನು ಪ್ರತಿ ಶಿಶು ಹಾಲಿನ ಡಬ್ಬಿಯ ಮೇಲೆ ಅಚ್ಚು ಹಾಕಿಸಿ. ನಗುವ ಕರಡಿ ಮರಿಗೆ ಕೊಟ್ಟ ಜಾಗ ಸಾಕು.

ಅದರ ಕೆಳಗೆ ನಾಲ್ಕು ಸಾಲು ಇರಲಿ. ವಾಂತಿ ಹಸಿರು ಬಣ್ಣದ್ದಾದರೆ ಕರುಳು ತಿರುಚಿಕೊಂಡಿರಬಹುದು, ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ಒಂದೂವರೆ ತಿಂಗಳ ಆಸುಪಾಸಿನ ಮಗು ಪ್ರತಿ ಸಲ ಕುಡಿದ ಮೇಲೆ ದೂರಕ್ಕೆ ಚಿಮ್ಮುವ ಹಾಗೆ ವಾಂತಿ ಮಾಡಿ ಮತ್ತೆ ಹಸಿವಿನಿಂದ ಅತ್ತರೆ, ಜಠರದಿಂದ ಕರುಳಿಗೆ ಹೋಗುವ ಬಾಯಿ ಕಿರಿದಾಗಿರಬಹುದು. ಅದಕ್ಕೆ ಬೇಕಿರುವುದು ಸಣ್ಣ ಆಪರೇಷನ್, ಗಟ್ಟಿ ಮಾಡಿದ ಹಾಲಲ್ಲ. ಮಲದಲ್ಲಿ ರಕ್ತ, ಬಿಗಿದು ಉಬ್ಬಿದ ಹೊಟ್ಟೆ, ಏರದ ತೂಕ, ಎಬ್ಬಿಸಿದರೂ ಏಳದ ಮಂಪರು, ಮೂರು ತಿಂಗಳೊಳಗಿನ ಮಗುವಿಗೆ ಜ್ವರ. ಇವಿದ್ದರೆ ಡಬ್ಬಿ ಬದಲಿಸಬೇಡಿ, ಡಾಕ್ಟರ ಹತ್ತಿರ ಹೋಗಿ. ಈ ಮಾತು ಡಬ್ಬಿಯ ಮೇಲಿದ್ದರೆ ಅದಕ್ಕೊಂದು ತೂಕ ಇರುತ್ತದೆ. ತಾಯಿ ದಿನಕ್ಕೆ ಏಳೆಂಟು ಸಲ ಕೈಯಲ್ಲಿ ಹಿಡಿಯುವ ವಸ್ತು ಅದು.

‘ಕಂಫರ್ಟ್’, ‘ಕೋಲಿಕ್’, ‘ಸೆನ್ಸಿಟಿವ್’ ಇತ್ಯಾದಿ ಹೆಸರುಗಳನ್ನು ತೆಗೆಸಲು ನಿಮಗೆ ಹೊಸ ಅಧಿಕಾರವೇನೂ ಬೇಕಿಲ್ಲ. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿ ಪದಾರ್ಥಗಳ ಮಾರಾಟ ಸಂಹಿತೆಯನ್ನು 118 ಮತಗಳಿಂದ ಒಪ್ಪಿತು. ವಿರೋಧ ಒಂದೇ ಮತ, ಅಮೆರಿಕದ್ದು. ಫಾರ್ಮುಲಾವನ್ನು ಆದರ್ಶದಂತೆ ತೋರಿಸುವ ಚಿತ್ರ, ಮಾತು ಡಬ್ಬಿಯ ಮೇಲೆ ಇರಬಾರದು ಅಂತ ಅದು ಅವತ್ತೇ ಹೇಳಿದೆ. ಆದರೆ ಸಂಹಿತೆ ತಾನಾಗಿ ಕಾನೂನಾಗುವುದಿಲ್ಲ. 2022ರ ಲೆಕ್ಕದಲ್ಲಿ 194 ದೇಶಗಳ ಪೈಕಿ 144ರಲ್ಲಿ ಏನಾದರೊಂದು ಕಾನೂನು ಇತ್ತು, ಸಂಹಿತೆಗೆ ಬಹುಮಟ್ಟಿಗೆ ಹೊಂದುವಂಥದ್ದು ಇದ್ದದ್ದು 32 ದೇಶಗಳಲ್ಲಿ. ಉಳಿದ ಕಡೆ ಸಂದುಗಳಿವೆ. ಆ ಸಂದುಗಳಲ್ಲೇ ಈ ಹೆಸರುಗಳು ನುಸುಳಿದ್ದು.

ಮಾಮೂಲಿ ಪುಡಿಯ ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆ ಗೊತ್ತಿರುವ ಇತಿಹಾಸವೇ. ಮಗುವಿಗೆ ಅದೊಂದೇ ಆಹಾರ. ಅದರಲ್ಲಿ ಒಂದು ಪೋಷಕಾಂಶ ಬಿಟ್ಟುಹೋದರೆ ಬೇರೆ ಎಲ್ಲಿಂದಲೂ ಸಿಗುವುದಿಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಒಂದು ಸೋಯಾ ಫಾರ್ಮುಲಾದಲ್ಲಿ ಕ್ಲೋರೈಡ್ ಕಡಿಮೆಯಾಯಿತು. ಮಕ್ಕಳು ಹಾಲು ಬೇಡವೆಂದವು, ಬೆಳೆಯಲಿಲ್ಲ. ಆಮೇಲೆ 1980ರಲ್ಲಿ ಕಾನೂನು ಬಂತು. 2003ರಲ್ಲಿ ಇಸ್ರೇಲಿನಲ್ಲಿ ಇನ್ನೊಂದು ಸೋಯಾ ಪುಡಿಯಲ್ಲಿ ಥಯಾಮಿನ್ ಅಂದರೆ ಬಿ1 ಇರಲೇ ಇಲ್ಲ. ಮಕ್ಕಳು ಸತ್ತವು, ಬದುಕಿದವರಲ್ಲಿ ಕೆಲವರಿಗೆ ಜೀವನಪೂರ್ತಿ ಅಂಗವೈಕಲ್ಯ. 2008ರಲ್ಲಿ ಚೀನಾದಲ್ಲಿ ಪ್ರೋಟೀನ್ ಜಾಸ್ತಿ ಕಾಣಲಿ ಅಂತ ಹಾಲಿಗೆ ಮೆಲಮೈನ್ ಅನ್ನುವ ಕಾರ್ಖಾನೆ ರಾಸಾಯನಿಕ ಬೆರೆಸಿದ್ದರಿಂದ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದವು. ಲೇಬಲ್ಲಿನ ಮೇಲೆ ಎಲ್ಲ ಸರಿಯಾಗಿಯೇ ಇತ್ತು.

ಕೊನೆಯದಾಗಿ, ನಿಜವಾಗಿ ವಿಶೇಷ ಡಬ್ಬಿ ಬೇಕಾದ ಮಕ್ಕಳ ಪರವಾಗಿ. ಕರುಳಿನ ದೊಡ್ಡ ಭಾಗ ಕಳೆದುಕೊಂಡ ಮಗುವಿಗೆ, ಪಿತ್ತ ಹರಿಯದೆ ಮಾಮೂಲಿ ಕೊಬ್ಬು ಅರಗದ ಮಗುವಿಗೆ, ತೀವ್ರ ಅಲರ್ಜಿಯ ಮಗುವಿಗೆ ಅಂಗಡಿಯಲ್ಲಿ ಪರ್ಯಾಯ ಇಲ್ಲ. ಸ್ವಲ್ಪ ದೊಡ್ಡ ಮಕ್ಕಳದ್ದೂ ಇದೆ. ಕ್ರೋನ್ಸ್ ಅನ್ನುವ ಕರುಳಿನ ಉರಿಯೂತದ ಕಾಯಿಲೆ ಇರುವ ಹುಡುಗ ಹುಡುಗಿಯರಿಗೆ 6ರಿಂದ 8 ವಾರ ಬೇರೇನೂ ತಿನ್ನಿಸದೆ ದ್ರವ ಆಹಾರ ಮಾತ್ರ ಕೊಟ್ಟರೆ ಸ್ಟಿರಾಯ್ಡ್ ಇಲ್ಲದೆಯೇ ಬಹಳಷ್ಟು ಮಕ್ಕಳ ಕರುಳಿನ ಉರಿ ಇಳಿಯುತ್ತದೆ. ಹದಿನಾಲ್ಕು ವರ್ಷದ ಹುಡುಗ ಗೆಳೆಯರೆಲ್ಲ ಊಟ ಮಾಡುವಾಗ ಒಂದು ಬಾಟಲಿ ಹಿಡಿದು ಕೂರುವುದು ಸುಲಭವಲ್ಲ, ಆದರೂ ಕೂರುತ್ತಾನೆ. ಇವರಿಗೆ ಈ ಪುಡಿ ಔಷಧ. ಆದರೆ ಎಷ್ಟೋ ಕಡೆ ವಿಮೆಯವರು ಇದನ್ನು ದಿನಸಿ ಅಂತ ಲೆಕ್ಕ ಹಾಕಿ ಹಣ ಕೊಡುವುದಿಲ್ಲ.

2022ರ ಫೆಬ್ರವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಸ್ಟರ್ಜಿಸ್‌ನಲ್ಲಿದ್ದ ಒಂದು ಕಾರ್ಖಾನೆ ಸೋಂಕಿನ ಅನುಮಾನದಿಂದ ನಿಂತಿತು. ವಿಶೇಷ ಪುಡಿಗಳಲ್ಲಿ ಹಲವು ಅಲ್ಲೇ ತಯಾರಾಗುತ್ತಿದ್ದವು. ಮಾಮೂಲಿ ಹಾಲಿನ ಮಕ್ಕಳು ಹೇಗೋ ಬೇರೆ ಬ್ರ್ಯಾಂಡಿಗೆ ಹೋದರು. ಈ ಮಕ್ಕಳಿಗೆ ಹೋಗಲು ಜಾಗ ಇರಲಿಲ್ಲ. ಕೆಲವರು ಪುಡಿ ಸಿಗದೆ ಆಸ್ಪತ್ರೆ ಸೇರಿದರು. ಮೇ ತಿಂಗಳಲ್ಲಿ ಜರ್ಮನಿಯಿಂದ ಮಿಲಿಟರಿ ವಿಮಾನದಲ್ಲಿ ಅಲರ್ಜಿ ಮಕ್ಕಳ ಪುಡಿ ತರಿಸಬೇಕಾಯಿತು. ಅಷ್ಟು ದೊಡ್ಡ ದೇಶದ ಪಾಡೇ ಹೀಗಾದರೆ ಉಳಿದವರ ಕಥೆ ಹೇಳಬೇಕೇ? ವಿಶೇಷ ಪುಡಿಗಳ ಒಂದಷ್ಟು ತಿಂಗಳ ದಾಸ್ತಾನು ಸರ್ಕಾರದ ಕೈಯಲ್ಲಿ ಇರಲಿ. ಅವು ಡಾಕ್ಟರ ಚೀಟಿಗೆ ಮಾತ್ರ ಸಿಗಲಿ, ಚೀಟಿಯ ಮೇಲೆ ಯಾವ ಕಾಯಿಲೆಗೆ, ಯಾವಾಗ ಮತ್ತೆ ಪರಿಶೀಲನೆ ಅಂತ ಬರೆದಿರಲಿ. ಚೀಟಿ ಇದ್ದವರಿಗೆ ಔಷಧದ ಹಾಗೆಯೇ ವಿಮೆಯಲ್ಲಿ ಸಿಗಲಿ. ಬೇಡದ ಮಕ್ಕಳಿಗೆ ಹೋಗುವುದು ನಿಂತರೆ ಬೇಕಾದವರಿಗೆ ಸಾಲುತ್ತದೆ.

ಯಾವುದನ್ನು ಮೊದಲು ಮಾಡಲಿ ಅಂತ ಕೇಳಿದರೆ, ಸ್ಕೂಪಿನ ಅಳತೆ ಮತ್ತು ಮಲದ ಬಣ್ಣದ ಪಟ್ಟಿ. ಎರಡಕ್ಕೂ ಸಂಶೋಧನೆ ಬೇಕಿಲ್ಲ, ಒಂದು ಅಧಿಸೂಚನೆ ಸಾಕು. ಮುಂದಿನ ಸಲ ಲೇಬಲ್ ನಿಯಮದ ಕರಡು ತಯಾರಾದಾಗ ಅದನ್ನು ಕಂಪನಿಗಳಿಗೆ ಕಳಿಸುವ ದಿನವೇ ಮಕ್ಕಳ ವಾರ್ಡಿನ ನರ್ಸುಗಳಿಗೂ ಡಯಟೀಷಿಯನ್‌ಗಳಿಗೂ ಕಳಿಸಿ. ಅಭಿಪ್ರಾಯ ಹೇಳಲು ಕಂಪನಿಗೆ ಕೊಟ್ಟಷ್ಟೇ ದಿನ ನಮಗೂ ಕೊಡಿ. ನಾವು ಬರೆದು ಕಳಿಸುತ್ತೇವೆ.

ಇಂತಿ,
ಮಕ್ಕಳ ಜೀರ್ಣಾಂಗ ವಿಭಾಗದ ಒಬ್ಬ ಡಯಟೀಷಿಯನ್